ಕಾದಂಬರಿಯ ಹುಡುಗಿಯರಿಗೆ ಅಕ್ಕ ಇಟ್ಟ ಮೊಡವೆಗಳು

ನಮ್ಮ ಪಡಸಾಲೆಯ ಗೋಡೆಯ ಮೇಲೆ ಅಕ್ಕನ ಫೋಟೋ ಇದೆ. ಅದರಲ್ಲಿ ಅವಳು ಉಟ್ಟಿರುವ ಇಳಕಲ್ ಸೀರೆ ಅವ್ವನದು, ಕಿವಿಯ ಬೆಂಡೋಲೆಯೂ ಅವ್ವನದು. ಹೆಗಲ ಮೇಲಿಂದ ಮುಂದಕ್ಕೆ ಇಳಿಬಿಟ್ಟ ಜಡೆ ಅಕ್ಕನದೇ. ಮುಖ ಮಾತ್ರ ಬಹಳ ದಿನ ಯಾರದೂ ಆಗಿರಲಿಲ್ಲ.

ಅಕ್ಕ ವಿಷಮಜ್ವರದಿಂದ ತೀರಿಕೊಂಡದ್ದು ೧೯೭೫ರ ಭಾದ್ರಪದದಲ್ಲಿ. ಅವಳಿಗೆ ಆಗ ಹತ್ತೊಂಬತ್ತು, ನನಗೆ ಹದಿನಾರು. ಮಾತಾಡಿಸಲು ಬಂದ ಹೆಂಗಸರು ಚಾಪೆಯ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆಯೆತ್ತಿ ಆ ಫೋಟೋ ನೋಡುತ್ತಿದ್ದರು. ಎಷ್ಟು ಚೆಂದ ಇದ್ದಳು, ಗೊಂಬೆಯ ಹಾಗೆ ಇದ್ದಳು ಎನ್ನುತ್ತಿದ್ದರು. ಅದೇ ಹೆಂಗಸರು ಬೇಸಿಗೆಯಲ್ಲಿ ನಳದ ಹತ್ತಿರ ಅಕ್ಕನ ಗಲ್ಲ ನೋಡಿ, ಹುಡುಗಿಗೆ ಉಷ್ಣ ಆಗಿದೆ, ಶೇಂಗಾ ಕೊಡಬೇಡಿರಿ ಎಂದು ಅವ್ವನಿಗೆ ಬುದ್ಧಿ ಹೇಳಿದ್ದರು. ಅವರು ಸುಳ್ಳು ಆಡುತ್ತಿದ್ದಾರೆಂದು ನನಗೆ ಅನಿಸಲಿಲ್ಲ. ಎದುರಿಗೆ ಫೋಟೋ ಇತ್ತು, ಅದು ತೋರಿಸಿದ್ದನ್ನು ನಂಬಿದರು. ಕೆಲವು ತಿಂಗಳಲ್ಲಿ ನಾನೂ ನಂಬತೊಡಗಿದೆ. ನನ್ನನ್ನು ಹೆದರಿಸಿದ್ದು ಅದು.

ಅಪ್ಪ ಸರಕಾರಿ ಬಸ್ಸಿನ ಕಂಡಕ್ಟರ್. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗ, ಮತ್ತೆ ಅದೇ ದಾರಿಯಲ್ಲಿ ವಾಪಸು. ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ವೇಬಿಲ್ಲಿನಲ್ಲಿ ತುಂಬುವುದು ಅವನ ಕೆಲಸ. ಆ ರೂಢಿ ನನಗೆ ಅಂಟಿತು. ಒಂಬತ್ತನೆಯ ಇಯತ್ತೆಯಿಂದ ನಾನು ದಿನಚರಿ ಬರೆಯುತ್ತಿದ್ದೆ: ತಾರೀಖು, ವಾರ, ಮಳೆ ಬಂತೋ ಇಲ್ಲವೋ, ಅಪ್ಪ ಮನೆಗೆ ಬಂದ ವೇಳೆ, ಓದಿದ ಪುಸ್ತಕ. ಅಕ್ಕ ನನ್ನನ್ನು ಸಣ್ಣ ಕಂಡಕ್ಟರ್ ಎಂದು ಕರೆಯುತ್ತಿದ್ದಳು.

ಪುಸ್ತಕಗಳು ಬರುತ್ತಿದ್ದದ್ದು ಬಜಾರದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ. ಲೈಬ್ರರಿ ಎಂದರೆ ಕಿರಾಣಿ ಅಂಗಡಿಯ ಪಕ್ಕದ ಒಂದು ಖೋಲಿ, ಗೋಡೆಯಲ್ಲಿ ಪುಸ್ತಕ ಇಡುವ ಎರಡು ಮಾಡ, ಕೂರಲು ಒಂದು ಬಾಕು. ಅದನ್ನು ನಡೆಸುತ್ತಿದ್ದ ಮುದುಕರಿಗೆ ಊರೆಲ್ಲ ಕಾಕಾ ಎನ್ನುತ್ತಿತ್ತು. ಕಾಕಾ ವಾರಪತ್ರಿಕೆಗಳ ಧಾರಾವಾಹಿಗಳನ್ನು ಕಂತು ಕಂತಾಗಿ ಹರಿದು ಜೋಡಿಸಿ, ದಾರದಲ್ಲಿ ಹೊಲಿದು, ರಟ್ಟು ಹಾಕಿ, ಹೊಸ ಕಾದಂಬರಿಗಳ ಜೊತೆ ಇಡುತ್ತಿದ್ದರು. ಅಕ್ಕನಿಗೂ ನನಗೂ ಈ ರಟ್ಟಿನ ಪುಸ್ತಕಗಳೇ ಹೆಚ್ಚು ಇಷ್ಟ. ಕಂತಿಗೊಂದು ಚಿತ್ರ ಇರುತ್ತಿತ್ತು.

ಹರೆಯದವರಿಗೆಂದೇ ಬರೆದ ಕಾದಂಬರಿ ಎಂದು ಬೇರೆ ಹೆಸರು ಆಗ ಇರಲಿಲ್ಲ. ನಾವು ಕಾಲೇಜಿನ ಕತೆ ಎನ್ನುತ್ತಿದ್ದೆವು. ಹುಡುಗಿ ಕಾಲೇಜಿಗೆ ಸೇರುತ್ತಾಳೆ, ಪುಸ್ತಕಗಳು ಕೈಜಾರಿ ಬೀಳುತ್ತವೆ, ಎತ್ತಿಕೊಡುವವನು ಅವಳ ಮುಖ ನೋಡುತ್ತಾನೆ. ಅಲ್ಲಿಂದ ಒಂದು ಪುಟ ಪೂರ್ತಿ ಮುಖದ ವರ್ಣನೆ.

ಅಂಥ ಒಂದು ಪುಟವನ್ನು ಅಕ್ಕ ನನಗೆ ಓದಿ ಹೇಳಿದ ದಿನ ನನ್ನ ದಿನಚರಿಯಲ್ಲಿದೆ. ಶ್ರಾವಣದ ರವಿವಾರ, ಮಳೆ ಇಲ್ಲ. ಕಿತ್ತೂರಿನ ಅತ್ತೆ, ಅಂದರೆ ಅಪ್ಪನ ಅಕ್ಕ, ಹಿಂದಿನ ದಿನ ಬಂದಿದ್ದಳು. ಬರುವಾಗಲೆಲ್ಲ ಅಕ್ಕನ ಮುಖಕ್ಕೆಂದು ಒಂದು ಹೊಸ ಔಷಧ ತರುತ್ತಿದ್ದಳು. ಆ ಸಲ ಜಾಜಿಕಾಯಿ. ಅದನ್ನು ಹಾಲಿನಲ್ಲಿ ತೇಯ್ದು ಅಕ್ಕನ ಗಲ್ಲಕ್ಕೆ ಹಚ್ಚಿ, ಆರುವ ತನಕ ಮಾತಾಡಬೇಡ ಎಂದು ಹೇಳಿ ಹೋಗಿದ್ದಳು. ಅಕ್ಕ ಅಂಗಾತ ಮಲಗಿ ಪುಸ್ತಕವನ್ನು ಮುಖದ ಮೇಲೆ ಹಿಡಿದು ಓದುತ್ತಿದ್ದಳು. ನಾಯಕಿಯ ಗಲ್ಲ ಹಾಲಿನ ಕೆನೆ, ಕನ್ನಡಿಗೂ ನಾಚಿಕೆ ಎನ್ನುವ ಸಾಲು ಬಂತು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಒಣಗಿದ ಜಾಜಿಕಾಯಿ ಬಿರುಕು ಬಿಟ್ಟು ಪುಟದ ಮೇಲೆ ಉದುರಿತು.

“ಎಷ್ಟ ಮಂದಿ ನಾಯಕೀಗೆ ಮೊಡವಿ ಅದಾವ, ಒಂದ ಲೆಕ್ಕಾ ಇಡ ಸಣ್ ಕಂಡಕ್ಟರ್,” ಅಂದಳು. “ಒಬ್ಬಾಕೀಗರ ಇರತಾವು.”

ಹೀಗೆ ನನ್ನ ದಿನಚರಿಯ ಪುಸ್ತಕದ ಕಾಲಮ್ಮಿನ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ಮೇಲೆ ‘ಮುಖ’ ಎಂದು ಬರೆದೆ.

ಮುಂದಿನ ಯುಗಾದಿಯ ಹೊತ್ತಿಗೆ ನಲವತ್ತೊಂದು ಕಾದಂಬರಿ ಆಗಿದ್ದವು. ಮೊಡವೆ ಇದ್ದ ನಾಯಕಿ ಒಬ್ಬಳು. ಅವಳಿಗೂ ಒಂದೇ ಮೊಡವೆ, ಅದೂ ನಿಶ್ಚಯದ ಹಿಂದಿನ ದಿನ, ಗಲ್ಲದ ನಟ್ಟನಡುವೆ, ಕೆಂಪು ಮಣಿಯಂತೆ. ಗೆಳತಿಯರು ಅವಳನ್ನು ಕಾಡಿಸಿದರು, ಹುಡುಗ ಅದನ್ನೇ ನೋಡಿ ಸೋತ. ಮುಂದಿನ ಅಧ್ಯಾಯದಲ್ಲಿ ಮೊಡವೆ ಇರಲಿಲ್ಲ. ಕಲೆಯನ್ನೂ ಬಿಡಲಿಲ್ಲ. ಅದು ಹೇಗೆ ಹೋಯಿತು, ಕೀವಾಯಿತೋ, ಒಡೆಯಿತೋ, ದಿಂಬಿನ ಬಟ್ಟೆಗೆ ಹತ್ತಿತೋ, ಬರೆದವರು ಹೇಳಿರಲಿಲ್ಲ.

ಬಾಕಿ ಮುಖಗಳು ಬೇರೆ ಕಡೆ ಸಿಕ್ಕವು. ಸಿಡುಬಿನ ಕಲೆ ಇದ್ದವನು ಮೋಸಗಾರ ಮ್ಯಾನೇಜರ್. ಮೆಳ್ಳಗಣ್ಣಿನವನು ನಗಿಸಲು ಬಂದ ಆಳು. ಕುಂಟುವ ತಮ್ಮ ಕೊನೆಯ ಅಧ್ಯಾಯಕ್ಕೆ ಮುಂಚೆ ಸಾಯುತ್ತಾನೆ. ಮುಖ ಒರಟಾದ, ಬಣ್ಣ ಕಪ್ಪಾದ ಹುಡುಗಿ ನಾಯಕಿಯ ಗೆಳತಿ. ಅವಳು ಪತ್ರ ತಲುಪಿಸುತ್ತಾಳೆ, ತಾನೂ ಅವನನ್ನೇ ಮೆಚ್ಚಿದ್ದೆನೆಂದು ಯಾರಿಗೂ ಹೇಳುವುದಿಲ್ಲ, ನರ್ಸ್ ಕೆಲಸಕ್ಕೆ ಸೇರುತ್ತಾಳೆ. ಅಂಥ ಗೆಳತಿಯರು ಹನ್ನೊಂದು ಜನ ಇದ್ದರು. ಅಕ್ಕನಿಗೆ ಅವರ ಬಗ್ಗೆ ವಿಪರೀತ ಸಿಟ್ಟು. ಒಮ್ಮೆಯಾದರೂ ಆ ಪತ್ರವನ್ನು ಹರಿದು ಒಲೆಗೆ ಹಾಕಬಾರದೇ ಎನ್ನುತ್ತಿದ್ದಳು.

ಅಕ್ಕ ಚಿತ್ರಗಳ ಮೇಲೆ ಚುಕ್ಕೆ ಇಡಲು ಶುರುಮಾಡಿದ್ದು ಆ ಯುಗಾದಿಯ ಹಿಂದಿನ ಚಳಿಗಾಲದಲ್ಲಿ. ಅಕ್ಕನ ಹತ್ತಿರ ಹೊಲಿಗೆ ಕ್ಲಾಸಿನ ಒಂದು ಪೆನ್ಸಿಲ್ ಇತ್ತು, ಬಟ್ಟೆಯ ಮೇಲೆ ಗುರುತು ಹಾಕುವುದಕ್ಕೆ. ಧಾರಾವಾಹಿಯ ಚಿತ್ರದಲ್ಲಿ ನಾಯಕಿ ಗದ್ದಕ್ಕೆ ಕೈ ಊರಿ ಕಿಟಕಿಯಿಂದ ಆಚೆ ನೋಡುತ್ತಿದ್ದಳು. ಅಕ್ಕ ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ತಾಗಿಸಿ ಅವಳ ಗಲ್ಲಗಳ ಮೇಲೆ ಒತ್ತಿ ಒತ್ತಿ ಐದಾರು ಚುಕ್ಕೆ ಇಟ್ಟಳು.

“ಇಕೀಗೂ ಒಂದೀಟ ಮನಷ್ಯಾರ ಮಾರಿ ಇರ್ಲಿ.”

ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. ಆಮೇಲೆ ಅವಳು ಓದಿದ ಯಾವ ಪುಸ್ತಕವೂ ಹಾಗೆಯೇ ವಾಪಸು ಹೋಗಲಿಲ್ಲ. ಕಾಕಾಗೆ ಗೊತ್ತಾಗಿ ಗೊಣಗಿದರು, ರಬ್ಬರಿನಿಂದ ಉಜ್ಜಿದರು, ಯಾರ ಕೆಲಸ ಎಂದು ಮಾತ್ರ ಕೇಳಲಿಲ್ಲ. ನನಗೆ ಅದೊಂದು ಆಟ. ಎಷ್ಟು ಪುಸ್ತಕಗಳಲ್ಲಿ ಇಟ್ಟಳು ಎಂದು ಬರೆದುಕೊಂಡೆ. ಎಲ್ಲಿ ಇಟ್ಟಳು ಎಂದು ನೋಡಲಿಲ್ಲ.

ಫೋಟೋ ತೆಗೆಸಿದ್ದು ಆ ಯುಗಾದಿ ಕಳೆದ ಮೇಲೆ, ರಾಮದುರ್ಗದ ಕಡೆಯ ಒಂದು ಸಂಬಂಧ ಬಂದಾಗ. ಹುಡುಗ ಪಂಚಾಯತಿ ಕಚೇರಿಯಲ್ಲಿ ಗುಮಾಸ್ತ. ಮೊದಲು ಫೋಟೋ ಕಳಿಸಿ ಎಂದು ಹೇಳಿಕಳಿಸಿದ್ದರು. ನಮ್ಮ ಕಡೆ ಅದು ಆಗಷ್ಟೇ ರೂಢಿಗೆ ಬರುತ್ತಿತ್ತು. ನೋಡಲು ಬಂದು ಒಲ್ಲೆ ಎನ್ನುವುದಕ್ಕಿಂತ ಫೋಟೋ ನೋಡಿ ಒಲ್ಲೆ ಎಂದರೆ ಎರಡೂ ಮನೆಗೆ ಮರ್ಯಾದೆ ಉಳಿಯುತ್ತದೆ ಎನ್ನುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಸ್ಟುಡಿಯೋದಲ್ಲಿ ಅಕ್ಕನನ್ನು ಬಣ್ಣದ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದರು. ನಾನೂ ಅವ್ವನೂ ಬಾಗಿಲಲ್ಲಿ ನಿಂತಿದ್ದೆವು. ಮುಗಿದ ಮೇಲೆ ಅವ್ವ ಸ್ಟುಡಿಯೋದವನ ಹತ್ತಿರ ಹೋಗಿ, ಅಕ್ಕನಿಗೆ ಕೇಳಿಸದ ಹಾಗೆ, ಮುಖ ಸ್ವಲ್ಪ ಸ್ವಚ್ಛ ಮಾಡಿ ಕೊಡಿರಿ ಎಂದಳು. ಅವನು ಅದಕ್ಕೇ ಕಾದಿದ್ದವನಂತೆ ತಲೆಯಾಡಿಸಿದ.

ಆ ಕೆಲಸ ಹೇಗೆ ಮಾಡುತ್ತಾರೆಂದು ನಾನು ನೋಡಿದ್ದು ಫೋಟೋ ಇಸಿದುಕೊಳ್ಳಲು ಹೋದಾಗ. ಅವನು ಕಿಟಕಿಯ ಬೆಳಕಿಗೆ ಒಂದು ಗಾಜನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಬೇರೆ ಯಾರದೋ ನೆಗೆಟಿವ್ ಇಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕೆ ಇಡುತ್ತಿದ್ದ. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿ ಪೆನ್ಸಿಲ್ ತಾಗಿದ ಜಾಗ ಕಾಗದದ ಮೇಲೆ ಬೆಳ್ಳಗಾಗುತ್ತದೆ. ಮನೆಯಲ್ಲಿ ಅಕ್ಕ ಪೆನ್ಸಿಲಿನಿಂದ ಮೊಡವೆ ಇಡುತ್ತಿದ್ದಳು, ಇಲ್ಲಿ ಇವನು ಪೆನ್ಸಿಲಿನಿಂದಲೇ ತೆಗೆಯುತ್ತಿದ್ದ.

ಅವ್ವ ಲಕೋಟೆ ಬಿಚ್ಚಿ ಫೋಟೋವನ್ನು ಬೆಳಕಿಗೆ ಹಿಡಿದಳು. ಆಮೇಲೆ, ಇವಳ ಮುಖ ಹೀಗೂ ಇದೆಯಲ್ಲ ಎಂದಳು. ಅಕ್ಕ ಇಣುಕಿ ನೋಡಿ, ನನ್ನ ಕಡೆ ತಿರುಗಿ, ಇದನ್ನೂ ನಿನ್ನ ಲೆಕ್ಕದಲ್ಲಿ ಬರೆದುಕೋ, ನಲವತ್ತೆರಡನೆಯ ನಾಯಕಿ ಎಂದಳು.

ಅಪ್ಪ ಆ ಫೋಟೋವನ್ನು ಟಿಕೆಟ್ಟಿನ ಚರ್ಮದ ಚೀಲದಲ್ಲಿ ಇಟ್ಟುಕೊಂಡು ರಾಮದುರ್ಗಕ್ಕೆ ಒಯ್ದ. ಅವರಿಗೆ ಮೆಚ್ಚಿಗೆಯಾಯಿತು. ಮೇ ತಿಂಗಳ ಒಂದು ಸೋಮವಾರ, ಅಪ್ಪನ ಬಸ್ಸಿನಲ್ಲೇ, ಹುಡುಗ, ಅವನ ತಾಯಿ, ಇಬ್ಬರು ಹಿರಿಯರು ಬಂದರು. ಅವ್ವ ಅಕ್ಕನ ಮುಖಕ್ಕೆ ಸ್ನೋ ಮತ್ತು ಪೌಡರ್ ಹಚ್ಚಿದ್ದಳು. ಬಿಸಿಲಿಗೆ ಅದು ಬೆವರಿ ಮೊಡವೆಗಳ ಸುತ್ತ ಬೆಳ್ಳಗೆ ನಿಂತಿತ್ತು. ಅಕ್ಕ ಚಹಾ ಕೊಟ್ಟು ಚಾಪೆಯ ತುದಿಯಲ್ಲಿ ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ಅವಲಕ್ಕಿಯ ತಾಟು ಹಿಡಿದು ನಿಂತಿದ್ದೆ. ಹುಡುಗನ ತಾಯಿ ಅಕ್ಕನನ್ನು ನೋಡಿದರು, ತಮ್ಮ ಕೈಯಲ್ಲಿದ್ದ ಫೋಟೋ ನೋಡಿದರು, ನನ್ನ ಕಡೆ ನೋಡಿದರು. ನನಗೆ ಆಗಿನ್ನೂ ಮುಖದಲ್ಲಿ ಏನೂ ಎದ್ದಿರಲಿಲ್ಲ.

“ಫೋಟೋದಾಗಿನ ಹುಡುಗಿ ಇಕೀ ಏನ್ರಿ?” ಎಂದು ನನ್ನನ್ನು ತೋರಿಸಿ ಕೇಳಿದರು.

ಅಣಕಿಸಲು ಕೇಳಿದ್ದಲ್ಲ. ನಿಜವಾಗಿ ಗೊತ್ತಾಗದೆ ಕೇಳಿದ್ದರು. ಅಪ್ಪ, ಅಲ್ಲರಿ, ದೊಡ್ಡವಳದೇ ಎಂದ.  ಅವಲಕ್ಕಿ ತಿಂದು, ಬಸ್ಸಿನ ವೇಳೆಯಾಯಿತೆಂದು ಎದ್ದರು. ಅದೇ ವಾರದಲ್ಲಿ ಅಪ್ಪ ಫೋಟೋ ವಾಪಸು ತಂದ. ಕುಂಡಲಿ ಕೂಡಲಿಲ್ಲವಂತೆ.

ಅವರು ಬಂದುಹೋದ ಸೋಮವಾರ ಅಕ್ಕ ಅಳಲಿಲ್ಲ. ಕಟ್ಟೆಯ ಮೇಲೆ ಕೂತು, ಅರ್ಧ ಓದಿದ್ದ ಧಾರಾವಾಹಿ ತೆಗೆದು, ಚಿತ್ರ ಬಂದಲ್ಲೆಲ್ಲ ಚುಕ್ಕೆ ಇಟ್ಟಳು. ಪಕ್ಕದಲ್ಲಿ ಕೂತ ನನಗೆ ಏನು ಹೇಳಬೇಕೋ ತಿಳಿಯದೆ, ಈ ಪುಸ್ತಕದ ಗೆಳತಿ ಏನಾಗುತ್ತಾಳೆ ಎಂದು ಕೇಳಿದೆ.

“ನಮ್ಮಂಥಾ ಮಾರಿಯವರು ಪುಸ್ತಕದಾಗ ಗೆಳತಿ ಆಗತಾರ, ಇಲ್ಲಾ ಸಾಯತಾರ. ಎರಡ ದಾರಿ,” ಅಂದಳು. “ನಾ ಗೆಳತಿ ಆಗತೇನಿ, ತಗೋ.”

ಭಾದ್ರಪದದಲ್ಲಿ ಜ್ವರ ಬಂತು. ದವಾಖಾನೆಗೆ ಒಯ್ದರು, ಮನೆಗೆ ತಂದರು, ಮತ್ತೆ ಒಯ್ದರು. ಆ ದಿನಗಳಲ್ಲಿ ನಾನು ಜ್ವರದ ಅಂಕಿ ಬಿಟ್ಟು ಬೇರೇನೂ ಬರೆದಿಲ್ಲ. ಕೊನೆಯ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ. ಅದರ ನಂತರ ‘ಮುಖ’ ಕಾಲಮ್ಮಿನಲ್ಲಿ ಒಂದೂ ಅಕ್ಷರ ಇಲ್ಲ. ಕಾದಂಬರಿಗಳು ಹೇಳಿದ್ದು ನಿಜವಾಯಿತು ಎನ್ನುವ ಮಾತು ನನ್ನ ತಲೆಯಲ್ಲಿ ಹೊಕ್ಕು ಕೂತಿತ್ತು. ಯಾರ ಮುಂದೆಯೂ ಅದನ್ನು ಆಡಲಿಲ್ಲ.

ಮನೆಯಲ್ಲಿ ಅಕ್ಕನ ಫೋಟೋ ಎಂದರೆ ರಾಮದುರ್ಗದಿಂದ ವಾಪಸು ಬಂದ ಅದೊಂದೇ. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ತಂದ.

ಮೊದಲು ನನಗೆ ಅದು ಅಪರಿಚಿತರ ಫೋಟೋ ಅನಿಸುತ್ತಿತ್ತು. ಅದರ ಕೆಳಗೆ ಕೂತು ಓದುವಾಗ, ಮನೆಗೆ ಬಂದ ಯಾರೋ ಹೆಣ್ಣುಮಗಳು ಮಾತಿಲ್ಲದೆ ಕೂತ ಹಾಗೆ ಇರುತ್ತಿತ್ತು. ಆಮೇಲೆ ಅದೇ ಅಭ್ಯಾಸವಾಯಿತು. ದೀಪಾವಳಿಯ ಹೊತ್ತಿಗೆ ಅಕ್ಕ ಕನಸಿನಲ್ಲಿ ಬಂದಳು, ನಳದ ಹತ್ತಿರ ಕೊಡ ಹಿಡಿದು. ಮುಖ ಫೋಟೋದ ಮುಖ. ನುಣ್ಣಗೆ, ನೆರಳಿಲ್ಲದೆ, ಕುಂಬಾರನ ಮನೆಯಿಂದ ಆಗತಾನೆ ತಂದ ಗಡಿಗೆಯ ಹಾಗೆ. ಸಣ್ಣ ಕಂಡಕ್ಟರ್ ಎಂದು ಕರೆದಳು. ದನಿ ಅವಳದೇ. ಎಚ್ಚರಾದ ಮೇಲೆ ಕಣ್ಣು ಮುಚ್ಚಿ ನಿಜವಾದ ಮುಖವನ್ನು ನೆನೆಯಲು ನೋಡಿದೆ. ಜಡೆ ಬಂತು, ಕಿವಿ ಬಂತು, ನಗುವಾಗ ಕಾಣುವ ಮೇಲಿನ ವಸಡು ಬಂತು. ಗಲ್ಲಗಳ ಜಾಗದಲ್ಲಿ ಫೋಟೋ ಬಂದು ನಿಂತಿತು.

ಆ ಚಳಿಗಾಲದಲ್ಲೇ ನನ್ನ ಮುಖದಲ್ಲೂ ಮೊಡವೆ ಎದ್ದವು. ಬಾಗಿಲ ಪಕ್ಕದ ಸಣ್ಣ ಕನ್ನಡಿಯನ್ನು ಅಕ್ಕ ಕೆಲವು ದಿನ ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದಳು. ಈಗ ಅದು ಸರಿಯಾಗಿ ತೂಗಿಕೊಂಡಿತ್ತು. ನಸುಕಿನಲ್ಲಿ ಅದರ ಮುಂದೆ ಹಾದು ಹೋಗುವಾಗ, ಓರೆಗಣ್ಣಿಗೆ, ಅಕ್ಕ ಒಳಗೆ ಇಣುಕಿದಂತಾಗುತ್ತಿತ್ತು. ನಿಂತು ನೇರ ನೋಡಿದರೆ ನಾನೇ. ನನ್ನವು ಹಣೆಯ ಮೇಲಿದ್ದವು. ಅವಳ ಹಣೆ ಸ್ವಚ್ಛವಾಗಿತ್ತೆಂದು ನೆನಪಿತ್ತು. ಅವಳವು ಎಲ್ಲಿದ್ದವು?

ಆ ಮುಖ ಪೂರ್ತಿ ಅಳಿಸಿಹೋಗುವ ಮುಂಚೆ ಅದನ್ನು ಹಿಡಿಯಬೇಕು ಎಂದು ನನಗೆ ಬಲವಾಗಿ ಅನಿಸಿತು. ದಿನಚರಿಯಲ್ಲಿ ಫೋಟೋ ತೆಗೆಸಿದ ತಾರೀಖು ಇತ್ತು. ಬರೆದುಕೊಂಡು ಸ್ಟುಡಿಯೋಗೆ ಹೋದೆ. ನೆಗೆಟಿವ್ ಇದ್ದರೆ ಪೆನ್ಸಿಲ್ ಒರೆಸಿ ಇನ್ನೊಂದು ಪ್ರತಿ ತೆಗೆಯಬಹುದೆಂದು ಲೆಕ್ಕ ಹಾಕಿದ್ದೆ. ಅವನು ಡಬ್ಬಿಗಳನ್ನು ಇಳಿಸಿ ನೋಡಿದ. ಆ ವರ್ಷದ ಮಳೆಗಾಲದಲ್ಲಿ ಮಾಡು ಸೋರಿ ಆ ಡಬ್ಬಿಯ ನೆಗೆಟಿವ್‌ಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ನನ್ನ ಮುಂದೆಯೇ ಎರಡನ್ನು ಬಿಡಿಸಲು ನೋಡಿದ. ಮುಖಗಳ ಪದರು ಕಿತ್ತು ಬಂತು.

ನಾನು ಅಲ್ಲೇ ನಿಂತದ್ದನ್ನು ನೋಡಿ ಅವನಿಗೆ ಏನನ್ನಿಸಿತೋ. ಮನೆಯಲ್ಲಿರುವ ಪ್ರತಿ ಯಾವ ಕಾಗದದ್ದು ಎಂದು ಕೇಳಿದ. ಹೊಳೆಯುವುದಿಲ್ಲ ಎಂದೆ. ಹಾಗಿದ್ದರೆ ಅದರ ಮೇಲೆ ಪೆನ್ಸಿಲ್ ಹಿಡಿಯುತ್ತದೆ ಎಂದ.

“ತಗದದ್ದ ಮತ್ತ ಹಾಕಾಕ ಬರತೈತಿ ತಂಗಿ. ಆದರ ಎಲ್ಲೆಲ್ಲಿ ಇದ್ದೂ, ಅದನ್ನ ನೀವ ಹೇಳಬೇಕು.”

ಹೇಳಲು ನನಗೆ ಬರಲಿಲ್ಲ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅವನು ಚೀಲ ಬಿಚ್ಚಿ ಚಿಲ್ಲರೆ ಬೇರೆ ಮಾಡುತ್ತಿದ್ದ. ಕೈ ನಿಂತಿತು.

“ಆ ಫೋಟೋನ ಚೀಲದಾಗ ಇಟಗೊಂಡ ತಿರಿಗ್ಯಾಡೀನವ್ವಾ. ತೋರಗಲ್ಲ ಸ್ಟಾಪ ಬರೂಮಟಾ ನಾಕ ಸಲ ತಗದ ನೋಡತಿದ್ನಿ. ನೋಡಿ ನೋಡಿ ಅದನ್ನ ಆಕಿ ಅನಕೊಂಡಬಿಟ್ಟೇನಿ.”

ಅವ್ವನನ್ನು ಕೇಳಲು ಎರಡು ದಿನ ಧೈರ್ಯ ಬರಲಿಲ್ಲ. ಕೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಅವಳು ಇದ್ದಾಗ ಆ ಮುಖದ ಸಲುವಾಗಿ ಮಂದಿ ಅವಳನ್ನು ಕಾಡಿದ್ದು ಸಾಲದೇ ಎಂದಳು. ಮೊಡವೆ ಹೋಗಲೆಂದು ಸಿರಸಂಗಿಯ ಕಾಳವ್ವನಿಗೆ ಹರಕೆ ಹೊತ್ತದ್ದನ್ನು ಹೇಳಿದಳು. ಕೊನೆಗೆ ದನಿ ತಗ್ಗಿಸಿ, “ಸತ್ತ ಮ್ಯಾಲರ ಆಕಿ ಮಾರಿ ಸ್ವಚ್ಛ ಇರಲಿ, ಬಿಡು,” ಅಂದಳು.

 ಅವ್ವನಿಂದ ಅದನ್ನೂ ಕಿತ್ತುಕೊಳ್ಳಬಾರದು ಅನಿಸಿ ಸುಮ್ಮನಾದೆ. ಸುಮ್ಮನಾದಷ್ಟೂ ಗೋಡೆಯ ಮೇಲಿನವಳು ಮನೆ ತುಂಬಿದಳು.

ಅಕ್ಕ ಹೋದ ಮೇಲೆ ಲೈಬ್ರರಿಯ ಕಡೆ ನಾನು ಕಾಲಿಟ್ಟಿರಲಿಲ್ಲ. ಶಿವರಾತ್ರಿ ಆದ ಮೇಲೆ ಒಂದು ದಿನ ಕಾಕಾ ದಾರಿಯಲ್ಲಿ ಸಿಕ್ಕು, ಯಾಕೆ ತಂಗಿ, ಪುಸ್ತಕ ಬಿಟ್ಟೆಯಾ ಎಂದು ವಿಚಾರಿಸಿದರು. ಸಂಕೋಚಕ್ಕೆ ಹೋದೆ. ಮಾಡದಿಂದ ಕೈಗೆ ಸಿಕ್ಕ ಒಂದು ರಟ್ಟಿನ ಪುಸ್ತಕ ತೆಗೆದೆ. ಮೊದಲ ಚಿತ್ರದಲ್ಲೇ ಹುಡುಗಿಯ ಗಲ್ಲದ ಮೇಲೆ ಚುಕ್ಕೆಗಳು. ಮುಂದಿನ ಕಂತಿನದರಲ್ಲೂ. ಅದರ ಮುಂದಿನದನ್ನು ಕಾಕಾ ಉಜ್ಜಿದ್ದರು, ಪೆನ್ಸಿಲಿನ ಬಣ್ಣ ಹೋಗಿತ್ತು. ಆದರೆ ಅಕ್ಕ ಒತ್ತಿ ಇಡುತ್ತಿದ್ದಳಲ್ಲ, ಕಾಗದ ಒಳಕ್ಕೆ ತಗ್ಗಾಗಿತ್ತು. ಬೆರಳಾಡಿಸಿದರೆ ತಾಗುತ್ತಿತ್ತು.

ನಾನು ಅಲ್ಲೇ ಬಾಕಿನ ಮೇಲೆ ಕೂತು ಇನ್ನೊಂದು ಪುಸ್ತಕ ತೆಗೆದೆ, ಮತ್ತೊಂದು ತೆಗೆದೆ. ಬೇರೆ ಬೇರೆ ಕತೆ, ಬೇರೆ ಬೇರೆ ಹುಡುಗಿಯರು, ಬೇರೆ ಚಿತ್ರಕಾರರು. ಚುಕ್ಕೆಗಳು ಮಾತ್ರ ಎಲ್ಲದರಲ್ಲೂ ಒಂದೇ ಕಡೆ. ಒಂದು ಗಲ್ಲದಲ್ಲಿ ಮೂರು, ಓರೆಯಾಗಿ, ಕಿವಿಯಿಂದ ಬಾಯಿಯ ಕಡೆಗೆ. ಕೆಳಗಿನದು ದೊಡ್ಡದು. ಇನ್ನೊಂದು ಗಲ್ಲದಲ್ಲಿ ಮೂಗಿನ ಪಕ್ಕ ಒಂದು, ಅದರಿಂದ ಸ್ವಲ್ಪ ದೂರ ಒತ್ತಾಗಿ ಎರಡು. ಅವಳು ತಮಾಷೆಗೆ ಎಲ್ಲೆಂದರಲ್ಲಿ ಚುಕ್ಕೆ ಇಡುತ್ತಿದ್ದಾಳೆಂದು ನಾನು ತಿಳಿದಿದ್ದೆ. ಅವಳು ಪ್ರತಿ ನಾಯಕಿಗೂ ತನ್ನ ಮುಖ ಕೊಟ್ಟಿದ್ದಳು.

 ನಾನು ಕಣ್ಣೊರೆಸಿಕೊಂಡ ಮೇಲೆ ಕಾಕಾ, ನಿಮ್ಮಕ್ಕ ಕೊನೆಗೆ ಚುಕ್ಕೆ ಇಟ್ಟ ಪುಸ್ತಕ ಇಲ್ಲಿಲ್ಲ, ಸುರೇಬಾನದ ಕನ್ನಡ ಶಾಲೆಯಲ್ಲಿ ಕಲಿಸುವ ಅಕ್ಕಾವರು ಒಯ್ದಿದ್ದಾರೆ, ಅದನ್ನು ತಾವು ಉಜ್ಜಿಲ್ಲ ಎಂದರು. ಮೇ ತಿಂಗಳ ಆ ಸೋಮವಾರ ಕಟ್ಟೆಯ ಮೇಲೆ ಕೂತು ಚುಕ್ಕೆ ಇಟ್ಟ ಪುಸ್ತಕ ಅದೇ; ಆಮೇಲೆ ಅಕ್ಕ ಬೇರೆ ಪುಸ್ತಕ ತಂದಿರಲಿಲ್ಲ. ಅಪ್ಪನಿಗೆ ಹೇಳಿದೆ. ಅಪ್ಪ ರಾಮದುರ್ಗದಿಂದ ಸುರೇಬಾನಕ್ಕೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಹೇಳಿದ. ಆ ವಾರ ಮುಗಿಯುವಷ್ಟರಲ್ಲಿ ಪುಸ್ತಕ ಅಪ್ಪನ ಚೀಲದಲ್ಲಿ, ಫೋಟೋ ಇರುತ್ತಿದ್ದ ಅದೇ ಖಾನೆಯಲ್ಲಿ, ಮನೆಗೆ ಬಂತು. ಅದರಲ್ಲಿ ಚುಕ್ಕೆಗಳು ನಿನ್ನೆ ಇಟ್ಟಷ್ಟು ಕಪ್ಪಾಗಿದ್ದವು. ಎರಡು ಕಡೆ ಕಾಗದ ತೂತಾಗಿತ್ತು.

ಎಲ್ಲವೂ ಕೈಯಲ್ಲಿದ್ದರೂ ಫೋಟೋ ಮುಟ್ಟುವ ಧೈರ್ಯ ನನಗಿರಲಿಲ್ಲ. ಸ್ವಚ್ಛ ಇರಲಿ ಬಿಡು ಎಂಬ ಅವ್ವನ ಮಾತು ಅಡ್ಡ ನಿಂತಿತ್ತು. ಅದನ್ನು ಸರಿಸಿದ್ದು ಏನೂ ಗೊತ್ತಿಲ್ಲದ ಒಬ್ಬಳು.

ಪಕ್ಕದ ಮನೆಗೆ ಹೊಸದಾಗಿ ಮದುವೆಯಾಗಿ ಸೊಸೆ ಬಂದಿದ್ದಳು, ಸವದತ್ತಿಯವಳು. ಚೈತ್ರದ ಅರಿಸಿನ ಕುಂಕುಮಕ್ಕೆ ಅವ್ವ ಅವಳನ್ನೂ ಕರೆದಿದ್ದಳು. ಅವಳು ಅಕ್ಕನನ್ನು ಒಮ್ಮೆಯೂ ಕಂಡವಳಲ್ಲ. ಕುಂಕುಮ ಹಚ್ಚಿಸಿಕೊಂಡು ಎದ್ದವಳು ಫೋಟೋದ ಮುಂದೆ ನಿಂತು ನೋಡಿದಳು. ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು.

“ಭಾಳ ಛಂದ ಅದಾರ. ಯಾರ್ರಿ ಇವರು? ನಿಮ್ಮ ಪೈಕಿ ಅನಸೂದಿಲ್ಲ ಬಿಡ್ರಿ. ನಿಮ್ಮ ಯಾರ ಮಾರೀನೂ ಇಲ್ಲ.”

ಉಳಿದ ಹೆಂಗಸರು ಅವಳ ಕೈ ಚಿವುಟಿ ಸುಮ್ಮನಾಗಿಸಿದರು.  ಅವ್ವ ಎಲ್ಲರ ಉಡಿಗೆ ಕಡಲೆ ಹಾಕಿ ಕಳಿಸಿದಳು. ಆಮೇಲೆ ದೀಪ ಹಚ್ಚಲು ಬಂದವಳು ಫೋಟೋದ ಮುಂದೆ ನಿಂತೇ ಇದ್ದಳು. ಕಡ್ಡಿ ಬೆರಳಿನ ತನಕ ಉರಿದು ಆರಿತು. ಅವಳು ಇನ್ನೊಂದು ಗೀರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಸ್ಟೂಲು ಹಾಕಿ ಫೋಟೋ ಇಳಿಸಿದೆ. ಅವ್ವ ಅಲ್ಲೇ ಮೊರ ಹಿಡಿದು ಜೋಳ ಕೇರುತ್ತಿದ್ದಳು. ನೋಡಿದಳು, ಕೇರುವುದನ್ನು ಮುಂದುವರಿಸಿದಳು. ಹಿಂದಿನ ಮೊಳೆ ಬಿಚ್ಚಿ ಫೋಟೋ ಹೊರಗೆ ತೆಗೆದು, ಸುರೇಬಾನದಿಂದ ಬಂದ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೆ. ಅಕ್ಕನ ಹೊಲಿಗೆಯ ಪೆನ್ಸಿಲನ್ನೇ ತೆಗೆದುಕೊಂಡೆ.  ಪುಸ್ತಕದಲ್ಲಿ ಯಾವ ಕಡೆ ಇದ್ದವೋ ಅದೇ ಕಡೆ, ಮೊದಲು ಓರೆಯ ಮೂರು ಚುಕ್ಕೆ ಇಟ್ಟೆ, ಬಹಳ ಹಗುರಾಗಿ. ದೂರ ಹಿಡಿದು ನೋಡಿದೆ. ಅಕ್ಕ ಬರಲಿಲ್ಲ. ಚುಕ್ಕೆ ಬಿದ್ದ ಬೇರೆ ಯಾರೋ ಬಂದಳು.

ಮೊರದ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಅವ್ವ ನನ್ನ ಹಿಂದೆ ಬಂದು ನಿಂತಿದ್ದಳು.

“ಆ ಗಲ್ಲ ಅಲ್ಲ ಅದು,” ಅಂದಳು. “ಈ ಗಲ್ಲ.”

ತನ್ನದೇ ಎಡಗಲ್ಲ ಮುಟ್ಟಿ ತೋರಿಸಿದಳು. ಅಕ್ಕ ಆ ಮಗ್ಗುಲಾಗಿಯೇ ಮಲಗುತ್ತಿದ್ದಳು, ಬೆಳಿಗ್ಗೆ ದಿಂಬಿನ ಬಟ್ಟೆ ಒಗೆಯುವವಳು ತಾನು ಎಂದಳು. ಆಗ ನನಗೆ ಹೊಳೆಯಿತು. ಅಕ್ಕ ತನ್ನ ಮುಖವನ್ನು ಕಂಡದ್ದು ಕನ್ನಡಿಯಲ್ಲಿ. ಕನ್ನಡಿಯಲ್ಲಿ ಯಾವ ಕಡೆ ಕಂಡವೋ ಆ ಕಡೆ ಚಿತ್ರದಲ್ಲಿ ಇಟ್ಟಿದ್ದಳು. ಫೋಟೋದಲ್ಲಿ ಅದು ತಿರುಗಬೇಕು. ರಬ್ಬರಿನಿಂದ ಮೂರನ್ನೂ ತೆಗೆದು ಇನ್ನೊಂದು ಗಲ್ಲಕ್ಕೆ ಇಟ್ಟೆ. ಮೂಗಿನ ಪಕ್ಕದ್ದನ್ನು ಇಟ್ಟೆ, ಒತ್ತಾಗಿದ್ದ ಎರಡನ್ನು ಇಟ್ಟೆ. ಅವ್ವ ನನ್ನ ಪಕ್ಕದಲ್ಲಿ ಕೂತಳು. ಕೆಳಗಿನದನ್ನು ಇನ್ನಷ್ಟು ದೊಡ್ಡದು ಮಾಡು ಎಂದಳು. ಮಾಡಿದೆ.

ಇಷ್ಟೇ ಎಂದು ನಾನು ಪೆನ್ಸಿಲ್ ಕೆಳಗಿಟ್ಟೆ. ಪುಸ್ತಕಗಳಲ್ಲಿ ಇದ್ದದ್ದು ಅಷ್ಟೇ. ಅವ್ವ ಇನ್ನೂ ನೋಡುತ್ತಿದ್ದಳು.

“ಗದ್ದದ ಮ್ಯಾಲಿಂದ ಬಿಟ್ಟಿ,” ಅಂದಳು.

ಚಿತ್ರಗಳಲ್ಲಿ ಆ ಹುಡುಗಿಯರೆಲ್ಲ ಗದ್ದಕ್ಕೆ ಕೈ ಊರಿಕೊಂಡು ಕೂತವರು. ಅಕ್ಕನಿಗೆ ಅಲ್ಲಿ ಚುಕ್ಕೆ ಇಡಲು ಜಾಗವೇ ಇರಲಿಲ್ಲ. ಅವ್ವ ಬಾಗಿ, ಫೋಟೋದ ಗದ್ದದ ಮೇಲೆ, ತುಸು ಎಡಕ್ಕೆ, ಉಗುರಿನಿಂದ ಒತ್ತಿದಳು. ಕಾಗದದ ಮೇಲೆ ಸಣ್ಣ ತಗ್ಗು ಬಿತ್ತು. ಆ ತಗ್ಗಿನೊಳಗೆ ನಾನು ಪೆನ್ಸಿಲ್ ತಾಗಿಸಿದೆ. ಅಷ್ಟು ದಿನ ನಮ್ಮನ್ನು ನೋಡುತ್ತಿದ್ದವಳು ಹೋಗಿ, ಅಕ್ಕ ಕೂತಿದ್ದಳು. ಸ್ಟೂಲಿನ ಮೇಲೆ ಸರಿಯಾಗಿ ಕೂರಲಾಗದೆ, ನಗು ತಡೆದುಕೊಂಡು.

ಸಂಜೆ ಅಪ್ಪ ಬಂದು ಚೀಲ ಇಳಿಸಿ, ಗೋಡೆಯ ಕಡೆ ನೋಡಿ, ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದ.

ಈಗ ೧೯೭೮. ಅಕ್ಕ ತೀರಿಕೊಂಡ ವಯಸ್ಸು ನನಗೂ ಆಗಿದೆ. ಕನಸಿನಲ್ಲಿ ಅವಳು ಈಗಲೂ ಬರುತ್ತಾಳೆ. ಆದರೆ ತನ್ನ ಮುಖದಲ್ಲಿ ಬರುತ್ತಾಳೆ. ಓದಿದ ಪುಸ್ತಕಗಳ ಪಕ್ಕದ ಕಾಲಮ್ಮನ್ನು ಮತ್ತೆ ತುಂಬುತ್ತಿದ್ದೇನೆ. ಮೊಡವೆ ಇದ್ದ ಎರಡನೆಯ ನಾಯಕಿ ಇನ್ನೂ ಸಿಕ್ಕಿಲ್ಲ.

ಹೋದ ವಾರ ಕಿತ್ತೂರಿನ ಅತ್ತೆ ಬಂದಿದ್ದಳು, ನನ್ನ ಹಣೆಗೆಂದು ಶ್ರೀಗಂಧದ ಕೊರಡು ಹಿಡಿದುಕೊಂಡು. ಅವಳಿಗೆ ಈಗ ಕಣ್ಣು ಮಂಜು. ಫೋಟೋದ ಹತ್ತಿರ ಹೋಗಿ, ನೊಣ ಎಷ್ಟು ಹೊಲಸು ಮಾಡಿವೆ ನೋಡಿರಿ ಎನ್ನುತ್ತ, ಸೆರಗಿನ ತುದಿಗೆ ಎಂಜಲು ಹಚ್ಚಿ ಗಾಜನ್ನು ಒರೆಸತೊಡಗಿದಳು. ಒರೆಸಿದಳು, ನೋಡಿದಳು, ಮತ್ತೆ ಒರೆಸಿದಳು.

ಒಳಗಿನಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

“ಬಿಡ್ರಿ ಅಕ್ಕಾರ,” ಅಂದಳು. “ಅವು ಗಾಜಿನ ಒಳಗ ಅದಾವು.”